ಕ್ಯಾನ್ ನೀರಿನ ಮೀನು

ಪಂಚನಹಳ್ಳಿಯ ರುದ್ರಮೂರ್ತಿಗೆ ತಿಳಿಯದ ವಿಷಯವೇ ಇಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಹದಿನೆಂಟು ವರ್ಷದಿಂದ ಅಕ್ವೇರಿಯಂ ಅಂಗಡಿ ಇಟ್ಟುಕೊಂಡಿರುವ ನನಗೇ ಮೀನಿನ ಪಾಠ ಹೇಳಿದ ಮಹಾನುಭಾವ ಆತ.

ಹೊಸ ಮನೆಯ ಹಾಲಿಗೆ ನಾಲ್ಕಡಿ ಗಾಜಿನ ತೊಟ್ಟಿ ಮಾಡಿಸಿಕೊಂಡ. ಅದಕ್ಕೆ ಕೆಂಪು ರೈನ್‌ಬೋ ಮೀನೇ ಬೇಕು. ಮೊಬೈಲಿನಲ್ಲಿ ನೋಡಿದ್ದನಂತೆ. ನನ್ನ ಹತ್ತಿರ ಇದ್ದದ್ದು ಮರಿಗಳು. ರೈನ್‌ಬೋ ಮರಿಗೆ ಬಣ್ಣ ಇರುವುದಿಲ್ಲ, ನೀರು ಹಿಡಿಸಿದರೆ ವರ್ಷ ತುಂಬುವ ಹೊತ್ತಿಗೆ ಗಂಡುಗಳು ಕೆಂಪಾಗುತ್ತವೆ ಎಂದು ಬಿಡಿಸಿ ಹೇಳಿದೆ.

“ಏನಪ್ಪಾ ನಾಗೇಶ, ಕೆರೆಮೀನು ಹಿಡ್ಕಂಬಂದು ನನ್ ತಲೆಗೆ ಕಟ್ತೀಯಾ?” ಅಂದ.

ಜೊತೆಗೆ ಬಂದಿದ್ದ ಅವನ ಹೆಂಡತಿ ತೀರ್ಥಮ್ಮ ಬಗ್ಗಿ ಗಾಜಿನೊಳಗೆ ನೋಡುತ್ತಿದ್ದರು. “ಇರ್ಲಿ ತಗಳ್ರೀ, ಚುರುಕಾಗವೆ” ಅಂದರು.

“ನೀನು ಸುಮ್ನಿರು. ನಿಂಗೇನ್ ಗೊತ್ತಾಗ್ತದೆ?”

ಕೊನೆಗೆ ಎಂಟು ಮರಿ ತೆಗೆದುಕೊಂಡ, ನನಗೇನೋ ಉಪಕಾರ ಮಾಡುವವನ ಹಾಗೆ. ನಿಮ್ಮೂರಿನ ಬೋರ್‌ವೆಲ್ ನೀರನ್ನೇ ಹಾಕಿ, ಈ ಮೀನಿಗೆ ಗಡಸು ನೀರೇ ಒಗ್ಗುವುದು ಎಂದೆ. ಗಹಗಹಿಸಿ ನಕ್ಕ. “ಆ ನೀರು ನಮ್ಮನೇಲಿ ದನಕ್ಕೆ ಕಣೋ!”

ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಸಮಿತಿಗೆ ಅವನೇ ಅಧ್ಯಕ್ಷ. ಅದರ ಉದ್ಘಾಟನೆಗೆ ಟೇಪು ಕತ್ತರಿಸಿದ ಫೋಟೋಗೆ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾನೆ. ಹೆಂಡತಿಯ ಅಡುಗೆಗೂ ಬಟ್ಟೆಗೂ ಬೋರಿನ ನೀರು, ಅವನ ಗಂಟಲಿಗೆ ಮಾತ್ರ ಘಟಕದ ಕ್ಯಾನ್ ನೀರು. ಮೀನುಗಳೂ ಅವನ ಅಂತಸ್ತಿನವಲ್ಲವೇ? ಸ್ಕೂಟರಿನಲ್ಲಿ ಕ್ಯಾನ್ ಹೇರಿಕೊಂಡು ಬಂದು ತೊಟ್ಟಿ ತುಂಬಿಸಿದ.

ಆ ನೀರಿನಲ್ಲಿ ಲವಣವೆಲ್ಲ ಸೋಸಿ ಹೋಗಿರುತ್ತದೆ. ಹದಿನೈದು ದಿನಕ್ಕೇ ಮೀನುಗಳು ರೆಕ್ಕೆ ಮುದುರಿಕೊಂಡು ಮೂಲೆ ಸೇರಿದವು. ನೀರು ಬದಲಾಯಿಸಿ ಎಂದು ಫೋನಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. “ನೀರು ಫಸ್ಟ್ ಕ್ಲಾಸಾಗೈತೆ. ನಿನ್ ಮೀನೇ ಸರಿ ಇಲ್ಲ, ಔಷಧಿ ಕೊಡು” ಅಂದ. ಹಾಳಾಗಿ ಹೋಗಲಿ ಎಂದು ಕೊಟ್ಟೆ, ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಕೊಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಐದು ಸತ್ತವು. ಮೂರು ಅಡ್ಡ ಬಿದ್ದಿದ್ದವಂತೆ.

ವರ್ಷದ ಮೇಲೆ ಮತ್ತೆ ಫೋನು ಮಾಡಿದ. ಮಠದ ಸ್ವಾಮಿಗಳು ಪಾದಪೂಜೆಗೆ ಬರುತ್ತಾರೆ, ಹಾಲಿನಲ್ಲಿ ಬರೀ ತೊಟ್ಟಿ ಇದ್ದರೆ ಮರ್ಯಾದೆಯೇ, ಬಂದು ಸರಿಮಾಡು ಅಂತ. ಬಲೆ, ಫಿಲ್ಟರ್ ಹಿಡಿದು ಹೋದೆ. ತೊಟ್ಟಿಯಲ್ಲಿ ಹೊಸದಾಗಿ ತುಂಬಿಸಿದ ಅದೇ ಕ್ಯಾನ್ ನೀರು ಥಳಥಳ ಹೊಳೆಯುತ್ತಿತ್ತು.

ಕೈಯನ್ನೂ ಬಲೆಯನ್ನೂ ತೊಳೆಯಲು ಹಿತ್ತಲಿಗೆ ಹೋದವನು ಹಾಗೇ ನಿಂತೆ. ದನ ನೀರು ಕುಡಿಯುವ ಉದ್ದನೆಯ ಸಿಮೆಂಟ್ ತೊಟ್ಟಿ. ಮೀನಿಗೆ ಬಿಸಿಲು ತಾಗದ ಹಾಗೆ ಅರ್ಧಕ್ಕೆ ತೆಂಗಿನ ಸೋಗೆ ಮುಚ್ಚಿತ್ತು. ಒಳಗೆ ಮೂರು ರೈನ್‌ಬೋ, ಅದರಲ್ಲಿ ಎರಡು ಇಟ್ಟಿಗೆಯ ಹಾಗೆ ಕೆಂಪು. ನನ್ನ ಅಂಗಡಿಯಲ್ಲಿ ಒಮ್ಮೆಯೂ ಅಂಥ ಬಣ್ಣ ಬಂದಿಲ್ಲ.

“ಸತ್ತೋದ್ವು, ತಿಪ್ಪೆಗೆ ಎಸಿ ಅಂದ್ರು ಕಣಪ್ಪ” ಎಂದರು ಬಕೆಟ್ ಹಿಡಿದು ಬಂದ ತೀರ್ಥಮ್ಮ. “ಇನ್ನೂ ಉಸ್ರಾಡ್ತಿದ್ವು. ಮನಸು ಬರ್ಲಿಲ್ಲ. ದಿನಾ ಹಸ ಕುಡಿದಷ್ಟು ಬೋರಿನ ನೀರು ಬಿಡ್ತೀನಿ. ಸೊಳ್ಳೆಮರಿ ಒಂದೂ ಉಳ್ಸಲ್ಲ ಇವು.”

ಹಿಂದೆಯೇ ಬಂದ ರುದ್ರಮೂರ್ತಿ ಕಣ್ಣರಳಿಸಿದ. ನಾಚಿಕೆ ಅನ್ನುವುದು ಅವನ ಜಾತಕದಲ್ಲೇ ಇಲ್ಲ. “ನೋಡ್ದಾ? ನನ್ ಕ್ಯಾನ್ ನೀರು ಈಗ ಮೈಗೆ ಹತ್ತೈತೆ! ಬಲೆ ಕೊಡಿಲ್ಲಿ, ಹಾಲಿಗೆ ಹಾಕಾಣ.”

“ಆ ನೀರಿಗೆ ಹಾಕಿದ್ರೆ ಇವೂ ಉಳಿಯಲ್ಲ ರುದ್ರಮೂರ್ತಣ್ಣ.”

“ನಿನ್ ವ್ಯಾಪಾರ ನೀನು ನೋಡ್ಕ” ಎಂದು ನನ್ನ ಕೈಯಿಂದ ಬಲೆ ಕಿತ್ತುಕೊಂಡ. ಮನಸ್ಸಿನಲ್ಲೇ ಇಷ್ಟೆಲ್ಲ ಬೈದುಕೊಂಡವನು ನಾನು, ಬಲೆಯನ್ನು ಬಿಟ್ಟುಕೊಟ್ಟೆ.

ತೀರ್ಥಮ್ಮ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ತೊಟ್ಟಿಗೆ ಅಡ್ಡ ನಿಂತರು. “ಮುಟ್ಬೇಡ್ರೀ. ನಿಮ್ ಮೀನು ಸತ್ತೋದ್ವು ಅಂತ ನೀವೇ ಹೇಳಿದ್ರಲ್ಲ. ಇವು ನನ್ನವು.”

ಆತ ನನ್ನ ಮುಖ ನೋಡಿದ. ನಾನು ಸೋಗೆ ನೋಡಿದೆ.

“ಮತ್ತೆ ಸ್ವಾಮಿಗಳಿಗೆ ಹಾಲಿನಾಗೆ ಏನೇ ತೋರ್ಸ್ಲಿ?”

“ನೀವು ಟೇಪು ಕತ್ರಿಸಿದ್ ಫೋಟೋ ಐತಲ್ಲ” ಎಂದು ತೀರ್ಥಮ್ಮ ಬೋರಿನ ನಲ್ಲಿ ತಿರುಗಿಸಿದರು.