ಬ್ಯಾಟರಿಗೆ ಹಚ್ಚಿದ ಕುಂಕುಮ

ದಸರೆಯ ಸಂಜೆ ಬನ್ನಿ ಕೊಡುವುದೆಂದರೆ ನಮ್ಮ ಕಡೆ ವರ್ಷದ ಮುನಿಸು ಮುರಿಯುವ ಹೊತ್ತು. ಎಂಥ ಜಗಳವಿದ್ದರೂ ಅಂಗೈಯಲ್ಲಿ ನಾಲ್ಕು ಎಲೆ ಹಿಡಿದು 'ಬಂಗಾರ ತಗೋರಿ' ಎಂದು ಬಾಗಿಲಿಗೆ ಬಂದವರನ್ನು ಯಾರೂ ಹೊರಗೆ ನಿಲ್ಲಿಸುವುದಿಲ್ಲ. ಆ ಧೈರ್ಯದ ಮೇಲೆಯೇ ಹೋದ ದಸರೆಗೆ ನಾನು ಬಸವಕಲ್ಯಾಣದಿಂದ ಹುಮನಾಬಾದಿಗೆ, ಅಣ್ಣನ ಮನೆಗೆ ಹೊರಟಿದ್ದು. ಹೆಂಡತಿ ಹೊರಡಿಸಿದಳು ಎಂದರೆ ಹೆಚ್ಚು ಸರಿ.

ಮುನಿಸಿಗೆ ಕಾರಣ ನಾನೇ. ಮಗಳ ಮದುವೆಗೆ ಅಣ್ಣನಿಗೂ ಎಲ್ಲರಂತೆ ಮೊಬೈಲಿನಲ್ಲೇ ಕಾರ್ಡು ಕಳಿಸಿದ್ದೆ. ಮನೆಯ ಹಿರಿಯನನ್ನು ಅಕ್ಷತೆ ಹಿಡಿದು ಹೋಗಿ ಕರೆಯಬೇಕೆಂಬುದು ಗೊತ್ತಿರಲಿಲ್ಲವೆಂದಲ್ಲ. ಅಣ್ಣ ತಾನೇ, ಬರುತ್ತಾನೆ ಎಂದುಕೊಂಡೆ. ಬರಲಿಲ್ಲ. ಅಕ್ಕಿಕಾಳು ಹಾಕಲು ಬರದವನ ಮನೆಯಲ್ಲಿ ಇನ್ನು ನೀರೂ ಕುಡಿಯುವುದಿಲ್ಲ ಎಂದು ನೆಂಟರೆದುರು ಅಂದುಬಿಟ್ಟೆ. ಮಂಟಪ ಬಿಚ್ಚಿಸುವಷ್ಟರಲ್ಲಿ ಆ ಮಾತು ಹುಮನಾಬಾದ್ ಮುಟ್ಟಿತ್ತು.

ಹೀಗಾಗಿ ದಾರಿಯುದ್ದಕ್ಕೂ ಒಂದೇ ಯೋಚನೆ: ಬನ್ನಿ ಕೊಡುವುದು, ಕಾಲು ಮುಟ್ಟುವುದು, ಊಟದ ಎಲೆ ಹಾಕುವ ಮೊದಲೇ ಎದ್ದು ಬರುವುದು. ಶಾಸ್ತ್ರವೂ ಆದೀತು, ಆಡಿದ ಮಾತೂ ಉಳಿದೀತು.

ಅರ್ಧ ಹಾಗೆಯೇ ನಡೆಯಿತು. ಅಣ್ಣ ಬನ್ನಿ ತಗೊಂಡ, ತಾನೂ ಕೊಟ್ಟ, ತಲೆಯ ಮೇಲೆ ಕೈಯಿಟ್ಟ, ಮಳೆ ಬೆಳೆ ಕೇಳಿದ. ಒಳಗೆ ವೈನಿ, ಅಣ್ಣನ ಹೆಂಡತಿ, ಮಿರ್ಚಿ ಭಜಿ ಕರಿಯುತ್ತಿದ್ದರು. ಹುಗ್ಗಿಯಾಗಿದೆ, ಕೈ ತೊಳೆದುಕೊಳ್ಳಿರೆಂದು ಅವರು ಕರೆದಾಗ, ಊರಲ್ಲಿ ಜನ ಕಾಯುತ್ತಿದ್ದಾರೆಂದು ಸುಳ್ಳು ಹೇಳಿ ಎದ್ದೆ. ಹೆಂಡತಿ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಅಣ್ಣ ತಡೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕಳಿಸಲು ಹೊರಗೆ ಬಂದ.

ಕಾರು ಚಾಲೂ ಆಗಲಿಲ್ಲ.

ಕೀಲಿ ತಿರುವಿದರೆ ಕಟ್ ಕಟ್ ಎಂಬ ಸದ್ದು. ದೀಪ ಹಚ್ಚಿದರೆ ಎಣ್ಣೆ ತೀರಿದ ಹಣತೆಯ ಹಾಗೆ ಮಿಣಿಮಿಣಿ. ಹಾರ್ನ್ ಒತ್ತಿದರೆ ನೆಗಡಿಯಾದ ಆಡಿನ ದನಿ. ಬನ್ನಿ ಕೊಡಲು ಹೊರಟ ಓಣಿಯವರೆಲ್ಲ ನಿಂತು, ತಳ್ಳಿದರೆ ಹತ್ತೀತು ಎಂದರು. ನಾನು ಒಳಗೆ ಕೂತೆ. ಅಣ್ಣ ಇಸ್ತ್ರಿ ಮಾಡಿದ ಧೋತರ ಮೇಲೆತ್ತಿ ಕಟ್ಟಿ ಹಿಂದಿನಿಂದ ತಳ್ಳಿದ. ಕನ್ನಡಿಯಲ್ಲಿ ಅವನ ಬೆವೆತ ಮುಖ ಕಾಣುತ್ತಿತ್ತು. ಓಣಿಯ ಕೊನೆ ಮುಟ್ಟಿ, ಮತ್ತೆ ಮನೆ ಮುಂದಕ್ಕೆ ತಳ್ಳಿಕೊಂಡು ಬಂದರೂ ಎಂಜಿನ್ ಉಸಿರೆತ್ತಲಿಲ್ಲ. "ಕಾರಿಗೂ ಊಟ ಆಗಿಲ್ಲ ಕಾಣ್ತದ," ಎಂದ ಬದಿಯ ಮನೆಯ ಮುದುಕ. ಜನ ನಕ್ಕರು.

ಆ ನಗು ನನ್ನನ್ನು ಚುಚ್ಚಿತು. ಇಳಿದು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಇಲ್ಲಿಗೆ ಬರೋತನಾ ಬರೋಬ್ಬರಿ ಇತ್ತು. ನಿಮ್ಮ ಮನಿ ಮುಂದ ನಿಂತ ಮ್ಯಾಲೇ ಹಿಂಗಾಗ್ಯದ. ಯಾರ ಕೈ ಆಡ್ಯದೋ ಏನೋ."

ಅಣ್ಣ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ.

"ಬಾನೆಟ್ ತೆಗಿ ತಮ್ಮಾ," ಎಂದ. "ಯಾರ ಕೈ ಅದ ನೋಡೋಣು."

ತೆಗೆದೆ. ಬ್ಯಾಟರಿಯ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಅಂಟಿಕೊಂಡ ಒಂದು ಚೆಂಡುಹೂ. ನನ್ನದೇ ಕೈ.

ಹಿಂದಿನ ದಿನ ಆಯುಧಪೂಜೆಗೆಂದು ಕಾರು ತೊಳೆಯುವಾಗ ನನಗೊಂದು ಭಕ್ತಿ ಹೊಳೆದಿತ್ತು. ಗಾಲಿಗೆ, ಸ್ಟೇರಿಂಗಿಗೆ ಎಲ್ಲರೂ ಹಚ್ಚುತ್ತಾರೆ. ಕಾರಿನ ಜೀವವಿರುವುದು ಬ್ಯಾಟರಿಯಲ್ಲಿ, ಪೂಜೆ ಅದಕ್ಕೇ ಸಲ್ಲಬೇಕು! ವೈರು ಬಂದು ಕೂರುವ ಟರ್ಮಿನಲ್ ಬಿಚ್ಚಿ, ಒಳಗಿನ ಸೀಸದ ಮೊಳೆಗೆ ಮೈತುಂಬ ವಿಭೂತಿ, ಕಲಸಿದ ಕುಂಕುಮ ಬಳಿದು, ಅದರ ಮೇಲೆಯೇ ಮತ್ತೆ ಕೂರಿಸಿದ್ದೆ. ಪಾನಾ ಹುಡುಕುವ ಬೇಸರಕ್ಕೆ ನಟ್ಟನ್ನು ಬೆರಳಿನಿಂದಲೇ ತಿರುವಿದ್ದೆ. ಕಾಯಿ ಒಡೆದ ನೀರನ್ನೂ ಚಿಮುಕಿಸಿದ್ದೆ. ಅಣ್ಣ ಟರ್ಮಿನಲ್ಲನ್ನು ಒಂದು ಬೆರಳಿನಿಂದ ಮುಟ್ಟಿದ. ಅದು ತಲೆಯ ಮೇಲಿನ ಟೊಪ್ಪಿಗೆಯ ಹಾಗೆ ಗುಂಡಗೆ ತಿರುಗಿತು.

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ವೈನಿ ಬಿಸಿನೀರು, ಸೋಡಾ ಪುಡಿಯ ಡಬ್ಬಿ ಹಿಡಿದು ಬಂದರು. "ಭಜಿಗೆ ಹಾಕೋದು. ಟ್ರ್ಯಾಕ್ಟರ್ ಬ್ಯಾಟರಿಗೂ ಇವರು ನನ್ನ ಡಬ್ಬೀನೇ ಖಾಲಿ ಮಾಡ್ತಾರ," ಎಂದರು, ಏನೂ ಆಗಿಲ್ಲವೆಂಬಂತೆ. ಅಣ್ಣ ವೈರು ಬಿಚ್ಚಿ ಹಿಡಿದ, ನಾನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಸೋಡಾ ಬುರುಗೆದ್ದು ಕೆಂಪು ನೀರು ಅವನ ಅಂಗಳದ ರಂಗೋಲಿಯ ಮೇಲೆ ಹರಿಯಿತು. ಒಣಬಟ್ಟೆಯಿಂದ ಒರೆಸಿದ ಮೇಲೆ ಅವನು ಟ್ರ್ಯಾಕ್ಟರಿನ ಪಾನಾ ತಂದು ನನ್ನ ಕೈಗೆ ಕೊಟ್ಟ. ನಾನೇ ಬಿಗಿದೆ. ಕೀಲಿ ತಿರುವಿದಾಗ ಎಂಜಿನ್ ತಿಣುಕಿ ತಿಣುಕಿ ಹತ್ತಿತು.

"ಬ್ಯಾಟರಿ ಇಳದದ. ಈಗ ಬಂದ್ ಮಾಡಬ್ಯಾಡ," ಎಂದ ಅಣ್ಣ. "ಹೈವೇ ಮ್ಯಾಲ ಒಂದಿಷ್ಟು ಓಡಸು."

ತಿರುಗಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೆಂಡತಿಗಾಗಿ ಬಾಗಿಲು ತೆರೆದೆ. ಅವಳು ಹತ್ತಲಿಲ್ಲ.

"ನೀವು ಹೋಗ್ರಿ. ನಿಮಗ ಜನ ಕಾಯಾಕತ್ತಾರ. ನಾ ಭಜಿ ತಿಂತೀನಿ."

ಹೈವೇ ಏರಿದರೆ ಕಾರಿನ ಮುಖ ಬಸವಕಲ್ಯಾಣದ ಕಡೆಗೇ. ಹೀಗೇ ಹೋಗಿಬಿಡಲೇ, ನಾಳೆ ಬಸ್ಸಿಗೆ ಬಾ ಎಂದು ಹೆಂಡತಿಗೆ ಫೋನು ಮಾಡಲೇ ಎಂದು ನಿಜಕ್ಕೂ ಯೋಚಿಸಿದೆ. ಅಣ್ಣ ಬೈದಿದ್ದರೆ ಹೋಗಿಯೇ ಬಿಡುತ್ತಿದ್ದೆನೋ ಏನೋ. ಡ್ಯಾಶ್‌ಬೋರ್ಡಿನ ಮೇಲೆ ಅವನು ತಿರುಗಿ ಕೊಟ್ಟ ಬನ್ನಿ ಎಲೆ ಇತ್ತು, ಎಂಜಿನ್ನಿನ ನಡುಕಕ್ಕೆ ಅಲುಗುತ್ತ. ಒಂದು ಧಾಬಾದ ಮುಂದೆ ಲಾರಿಗಳು ತಿರುಗುವ ಜಾಗ ಬಂತು. ತಿರುಗಿಸಿದೆ.

ಓಣಿ ಖಾಲಿಯಾಗಿತ್ತು. ಅಣ್ಣ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ; ಊಟ ಮಾಡಿರಲಿಲ್ಲ. ನಾನು ಇಳಿಯಲಿಲ್ಲ, ಎಂಜಿನ್ ಆರಿಸಲೂ ಇಲ್ಲ. ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಬಂದ್ ಮಾಡಿದ್ರ ಮತ್ತ ಹತ್ತಲಿಕ್ಕಿಲ್ಲ ಅಣ್ಣಾ."

ಅವನು ಎದ್ದು ಬಂದು, ಕಿಟಕಿಯಿಂದ ಕೈ ಹಾಕಿ ಕೀಲಿ ತಿರುವಿದ. ಎಂಜಿನ್ ಆರಿತು.

"ಹತ್ತದಿದ್ರ ನಾಳಿ ಹೋಗು. ಮದಲ ನೀರು ಕುಡಿ."

ಕಟ್ಟೆಯ ಮೇಲೆ ತುಂಬಿದ ತಂಬಿಗೆ ಇಟ್ಟುಕೊಂಡೇ ಕೂತಿದ್ದ. ಕುಡಿದೆ. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯ ಕುಂಕುಮ ಹೋಗಲಿಲ್ಲ. ಅದೇ ಕೈಯಿಂದ, ಅವನ ಪಕ್ಕದಲ್ಲಿ ಕೂತು, ತಲೆ ಎತ್ತದೆ ಹುಗ್ಗಿ ಉಂಡೆ.