ಗ್ರೀಕ್ ಸರ್ ಮತ್ತು ಗ್ರೀಸಿನವನು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದಾಗ ನಮಗೆ ಇತಿಹಾಸ ಕಲಿಸುತ್ತಿದ್ದ ಅಧ್ಯಾಪಕರನ್ನು ಊರೆಲ್ಲ ‘ಗ್ರೀಕ್ ಸರ್’ ಎನ್ನುತ್ತಿತ್ತು. ಅವರು ಗ್ರೀಸ್ ನೋಡಿದವರಲ್ಲ; ಹೈದರಾಬಾದಿನಿಂದ ಆಚೆಗೆ ರೈಲು ಹತ್ತಿದವರೂ ಅಲ್ಲ. ಆದರೂ ವರ್ಷದ ಅರ್ಧ ಪಾಠ ಆ ಒಂದೇ ದೇಶದ ಮೇಲೆ ಕಳೆಯುತ್ತಿತ್ತು. ಮಾರ್ಚಿನ ಉರಿಬಿಸಿಲಲ್ಲೂ ಕೋಟು ಬಿಚ್ಚದೆ, ಕುತ್ತಿಗೆಯ ಬೆವರು ಒರೆಸುತ್ತ, ಅಮೃತಶಿಲೆಯ ಕಂಬಗಳನ್ನು ವರ್ಣಿಸುತ್ತಿದ್ದರು. ಅವರು ಹೇಳಿ ಬರೆಸುತ್ತಿದ್ದ ನೋಟ್ಸು ಹತ್ತು ವರ್ಷ ಹಿಂದಿನ ವಿದ್ಯಾರ್ಥಿಗಳ ಬಳಿಯೂ ಇತ್ತು. ಒಂದಕ್ಷರ ಬದಲಾಗಿರಲಿಲ್ಲ. ನಡುವೆ ಅವರು ಕೆಮ್ಮುವ ಜಾಗವೂ ಅದೇ ಎಂದು ಹಿರಿಯರು ಹೇಳುತ್ತಿದ್ದರು.

ನಾನು ದೇವದುರ್ಗ ತಾಲೂಕಿನ ಅರಕೇರಾದವಳು. ನಮ್ಮದು ಕುರಿ ಸಾಕುವ ಮನೆತನ. ತರಗತಿಯಲ್ಲಿದ್ದ ನಾಲ್ವರು ಹುಡುಗಿಯರಲ್ಲಿ ಹಳ್ಳಿಯಿಂದ ಬಂದವಳು ನಾನೊಬ್ಬಳೇ. ಮೊದಲ ವಾರವೇ ಸರ್ ನನ್ನನ್ನು ಎಬ್ಬಿಸಿ, ಯಾವ ಊರು, ಮನೆಯಲ್ಲಿ ಏನು ಕೆಲಸ ಎಂದು ಕೇಳಿದರು. ಅಪ್ಪ ಕುರಿ ಕಾಯ್ತಾನ್ರೀ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನೋಡಿ, ಗ್ರೀಸಿನಲ್ಲಿ ಜನ ಸಂತೆಯಲ್ಲಿ ನಿಂತು ಸತ್ಯವೆಂದರೇನು ಎಂದು ಚರ್ಚಿಸುತ್ತಿದ್ದರು. ನಿಮ್ಮ ದೇವದುರ್ಗದ ಸಂತೆಯಲ್ಲಿ ಮೆಣಸಿನಕಾಯಿಯ ದರ ಚರ್ಚಿಸುತ್ತಾರೆ. ವ್ಯತ್ಯಾಸ ಇಷ್ಟೇ.”

ತರಗತಿ ನಕ್ಕಿತು. ನಾನೂ ನಕ್ಕೆ. ಅವರ ಮಾತಿಗಿಂತ ಆ ನನ್ನ ನಗು ನನಗೆ ಇಂದಿಗೂ ಹೇಸಿಗೆ ತರಿಸುತ್ತದೆ.

ಸರ್ ನಮ್ಮ ಮಾತನ್ನೂ ಬಿಡುತ್ತಿರಲಿಲ್ಲ. ಯಾರಾದರೂ ‘ಮನಿ’ ಎಂದರೆ ‘ಮನೆ’ ಎನ್ನುವವರೆಗೆ ನಿಲ್ಲಿಸುತ್ತಿದ್ದರು. ಅವರ ಬಾಯಲ್ಲಿ ಬರುತ್ತಿದ್ದುದು ಪುಸ್ತಕದ ಕನ್ನಡ; ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೊಳ್ಳುವಾಗಲೂ ಅದೇ.

ಗ್ರಂಥಾಲಯದ ಹಳೆಯ ಪುಸ್ತಕವೊಂದರಲ್ಲಿ, ಆ ಗ್ರೀಕ್ ಸಂತೆಯ ಚರ್ಚೆಯೊಳಗೆ ಹೆಂಗಸರಿಗೂ ಗುಲಾಮರಿಗೂ ಜಾಗವಿರಲಿಲ್ಲ ಎಂದು ಓದಿದೆ. ಮರುದಿನ ಅದನ್ನೇ ಕೇಳಿದೆ. ಪರೀಕ್ಷೆಗೆ ಬರುವುದಿಲ್ಲ ಎಂದರು. ಹಾಗಾದರೆ ಈಗ ಆ ದೇಶದಲ್ಲಿ ಯಾರಿದ್ದಾರೆ ಎಂದೆ. ಅಲ್ಲಿ ಸೈನಿಕರ ಸರಕಾರ ಬಿದ್ದ ಸುದ್ದಿಯನ್ನು ಸ್ವಲ್ಪ ದಿನದ ಹಿಂದಷ್ಟೇ ಪತ್ರಿಕೆಯಲ್ಲಿ ಓದಿದ್ದೆ. ಸರ್ ಕೈ ಬೀಸಿದರು. ಈಗ ಅಲ್ಲಿ ಏನೂ ಇಲ್ಲ, ಎರಡು ಸಾವಿರ ವರ್ಷದ ಹಿಂದೆಯೇ ಎಲ್ಲ ಮುಗಿಯಿತು, ಈಗಿರುವವರು ಯಾರೋ ಎಂದರು. ಒಂದು ಇಡೀ ದೇಶದ ಜನರನ್ನು ಹೀಗೆ ಸೀಮೆಸುಣ್ಣದ ಬರಹದಂತೆ ಒರೆಸಿಹಾಕಿ ಅವರು ಹಾಜರಿ ಪುಸ್ತಕ ಎತ್ತಿಕೊಂಡು ನಡೆದರು.

ಅದೇ ಚಳಿಗಾಲ ಅಪ್ಪನಿಗೆ ಮೊಣಕಾಲು ನೋವು ಬಂತು. ರಾಯಚೂರಿನಲ್ಲಿ ಯುನಾನಿ ದವಾಖಾನೆ ಇಟ್ಟುಕೊಂಡಿದ್ದ ಮುದುಕ ಹಕೀಮರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಎಣ್ಣೆ ಕಾಯಿಸುತ್ತ, ನಾನು ಏನು ಓದುತ್ತೇನೆಂದು ವಿಚಾರಿಸಿದರು. ಗ್ರೀಸ್ ಎಂದಾಗ ಅವರ ಮುಖ ಅರಳಿತು. ಯುನಾನ್ ಎಂದರೆ ಅದೇ ದೇಶ, ಅಲ್ಲಿಯ ವೈದ್ಯವಿದ್ಯೆ ಅರಬರ ಕೈಗೆ ಬಂದು, ಅವರಿಂದ ಈ ಓಣಿಯವರೆಗೆ ಬಂದಿದೆ ಎಂದು ಸಮಾಧಾನವಾಗಿ ತಿಳಿಸಿದರು. ಸಂಭ್ರಮದಿಂದ ಇದನ್ನು ಸರ್‌ಗೆ ಹೇಳಿದೆ. ಎಣ್ಣೆ ಮಾರುವವನಿಗೂ ಗ್ರೀಸಿಗೂ ಏನು ಸಂಬಂಧ ಎಂದು ಅವರು ಹುಬ್ಬು ಗಂಟಿಕ್ಕಿದರು. ಕಾಲೇಜಿನಿಂದ ಕೂಗಳತೆಯಲ್ಲಿ ಇಪ್ಪತ್ತು ವರ್ಷದಿಂದ ಆ ‘ಯುನಾನಿ ದವಾಖಾನೆ’ ಬೋರ್ಡು ಇತ್ತು. ಗ್ರೀಕ್ ಸರ್ ಅದರ ಅರ್ಥ ಯೋಚಿಸಿರಲಿಲ್ಲ. ಅಂದಿನಿಂದ ನಾನು ಅವರಿಗೆ ಹೆದರುವುದನ್ನು ಬಿಟ್ಟೆ, ತಿರಸ್ಕಾರ ಶುರುವಾಯಿತು.

ಬಿ.ಎಡ್. ಮುಗಿಸಿ ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಟೀಚರಾದೆ. ಎಂಬತ್ತರ ದಶಕ ಬಂತು. ಕೃಷ್ಣೆಯ ದಂಡೆಯಲ್ಲಿ ವಿದ್ಯುತ್ ಸ್ಥಾವರದ ಕೆಲಸ ನಡೆದಿತ್ತು. ಅಲ್ಲಿಗೆ ಯಂತ್ರ ಜೋಡಿಸಲು ಹೊರದೇಶದ ಕೆಲವರು ಬಂದಿದ್ದರು. ಅವರಲ್ಲೊಬ್ಬ ಗ್ರೀಸಿನವನು ಎಂದು ಅಲ್ಲಿದ್ದ ಒಬ್ಬ ಎಂಜಿನಿಯರ್ ಗ್ರೀಕ್ ಸರ್‌ಗೆ ಸುದ್ದಿ ಮುಟ್ಟಿಸಿದ. ಸರ್ ತಡಮಾಡಲಿಲ್ಲ. ಬರುವ ಭಾನುವಾರವೇ ಸನ್ಮಾನ ಎಂದು ಗೊತ್ತುಮಾಡಿ, ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಾರ್ಡು ಬರೆದರು. ಗೌರವದಿಂದಲ್ಲ, ಇವರು ಏನು ಮಾಡುತ್ತಾರೋ ನೋಡೋಣವೆಂದು ನಾನು ಮಾನ್ವಿಯಿಂದ ಬಸ್ಸು ಹತ್ತಿದೆ.

ವೇದಿಕೆಯ ಮೇಲೆ ಕೂತಿದ್ದವನು ನಲವತ್ತು ದಾಟಿದ, ಗಿಡ್ಡನೆಯ, ದಪ್ಪ ಮೀಸೆಯ ಮನುಷ್ಯ. ನೀಲಿ ಅಂಗಿಯ ತೋಳು ಮಡಚಿದ್ದ. ಒಂದು ಬೆರಳಿನ ಉಗುರು ಪೆಟ್ಟಾಗಿ ಕಪ್ಪಾಗಿತ್ತು. ಸರ್ ಅವನತ್ತ ಪದೇ ಪದೇ ನೋಡುತ್ತಿದ್ದ ರೀತಿ ಕಂಡರೆ, ಅವರು ಮೂರ್ತಿ ಬರುತ್ತದೆಂದು ಕಾದಿದ್ದರು, ಮನುಷ್ಯ ಬಂದದ್ದು ಅವರಿಗೆ ಸರಿಬಂದಂತಿರಲಿಲ್ಲ. ಮುಕ್ಕಾಲು ಗಂಟೆ ಅದೇ ಹಳೆಯ ನೋಟ್ಸನ್ನು ಇಂಗ್ಲಿಷಿನಲ್ಲಿ ಹೇಳಿದರು. ಅತಿಥಿ ಅಷ್ಟು ಹೊತ್ತೂ ಫ್ಯಾನು ನೋಡುತ್ತ ಕೂತಿದ್ದ.

ಅವನ ಸರದಿ ಬಂತು. ಅವನ ಇಂಗ್ಲಿಷು ಹರುಕುಮುರುಕು. ಅದನ್ನು ಕನ್ನಡಕ್ಕೆ ತಿರುಗಿಸಲು ಸರ್ ತಾವೇ ಪಕ್ಕದಲ್ಲಿ ನಿಂತರು. ಅವನು ಹೇಳಿದ್ದಿಷ್ಟು: ನಾನು ಓದಿದವನಲ್ಲ, ಆರನೇ ಇಯತ್ತೆಗೆ ಶಾಲೆ ಬಿಟ್ಟೆ. ಅಪ್ಪ ಗುಡ್ಡದಲ್ಲಿ ಕುರಿ ಕಾಯುತ್ತಾನೆ. ನಮ್ಮ ಗುಡ್ಡದಲ್ಲಿ ಕಲ್ಲು, ಮುಳ್ಳು ಬಿಟ್ಟರೆ ಏನೂ ಇಲ್ಲ, ಅದಕ್ಕೇ ಕೂಲಿಗೆಂದು ಜರ್ಮನಿಗೆ ಹೋದೆ, ನಮ್ಮೂರಿನ ಅರ್ಧ ಗಂಡಸರು ಅಲ್ಲೇ ಇದ್ದಾರೆ.

ಸರ್ ಗಂಟಲು ಸರಿಮಾಡಿಕೊಂಡರು. “ನಮ್ಮ ಅತಿಥಿಗಳ ತಂದೆಯವರು ಪರ್ವತದ ಏಕಾಂತದಲ್ಲಿ ಚಿಂತನೆ ನಡೆಸುವವರಂತೆ. ಇವರು ಉನ್ನತ ಜ್ಞಾನಾರ್ಜನೆಗಾಗಿ ಜರ್ಮನಿಗೆ ತೆರಳಿದರಂತೆ.”

ಜನ ಚಪ್ಪಾಳೆ ತಟ್ಟಿದರು. ಏಳಬೇಕೆಂದು ನಾನು ನಿರ್ಧರಿಸಿರಲಿಲ್ಲ. ಎದ್ದು ನಿಂತಿದ್ದೆ.

“ಸರ್, ಅವರು ಹಂಗ ಅಂದಿಲ್ರೀ. ಅವರಪ್ಪ ಕುರಿ ಕಾಯ್ತಾರಂತ. ಇವರು ಜರ್ಮನಿಗೆ ದುಡಿಯಾಕ ಹೋಗ್ಯಾರ.”

“ನಾನು ಭಾವಾರ್ಥ ಹೇಳುತ್ತಿದ್ದೇನೆ. ಕುಳಿತುಕೊಳ್ಳಿ.”

“ಭಾವಾರ್ಥ ನಿಮ್ಮದರೀ ಸರ್. ಅವರು ಅಂದಿದ್ದು ಹೇಳ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸರ್ ಮುಖ ಕಪ್ಪಿಟ್ಟಿತು. ಏನು ನಡೆಯಿತೆಂದು ಅತಿಥಿ ನನ್ನನ್ನೇ ಕೇಳಿದ. ನನ್ನ ಅಪ್ಪನೂ ಕುರಿ ಕಾಯುತ್ತಾನೆ ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಹಾರವನ್ನು ಕುರ್ಚಿಯ ಮೇಲಿಟ್ಟು ಕೆಳಗಿಳಿದು ಬಂದ. ಎಷ್ಟು ಕುರಿ, ಉಣ್ಣೆ ಯಾವ ತಿಂಗಳಲ್ಲಿ ಕತ್ತರಿಸುತ್ತೀರಿ, ತೋಳದ ಕಾಟ ಇದೆಯೇ ಎಂದು ನಿಂತಲ್ಲೇ ಕೇಳತೊಡಗಿದ. ಸರ್ ವಂದನಾರ್ಪಣೆಯನ್ನು ಖಾಲಿ ಕುರ್ಚಿಗೆ ಓದಿದರು.

ನಮ್ಮ ಕುರಿ ನೋಡಲು ಬಾ ಎಂದು ಕರೆದಿದ್ದೆ; ಮುಂದಿನ ಭಾನುವಾರ ಸ್ಥಾವರದ ಆ ಎಂಜಿನಿಯರ್ ಜೀಪಿನಲ್ಲಿ ಅವನನ್ನು ಕೂರಿಸಿಕೊಂಡು ಮಾನ್ವಿಗೆ ಬಂದ. ಮೂವರೂ ಅರಕೇರಾಕ್ಕೆ ಹೋದೆವು. ಕುರಿಹಟ್ಟಿ ಊರ ಹೊರಗೆ ಬೇವಿನ ಮರದ ಹತ್ತಿರವಿತ್ತು. ಅವನು ಅಪ್ಪನಿಗೆ ತಲೆಬಾಗಿ, ನೇರ ಹಿಂಡಿನೊಳಗೆ ಹೊಕ್ಕ. ಒಂದು ಕುರಿಯ ಹಿಂಗಾಲು ಹಿಡಿದೆಳೆದು, ಮೊಣಕಾಲ ನಡುವೆ ಒತ್ತಿಕೊಂಡು, ಬಾಯಿ ಬಿಡಿಸಿ ಹಲ್ಲು ನೋಡಿ, ನಾಲ್ಕು ವರ್ಷದ್ದೆಂದು ಅಪ್ಪನ ಕಡೆ ನಾಲ್ಕು ಬೆರಳು ತೋರಿಸಿದ. ಅಪ್ಪ ತಲೆಯಾಡಿಸಿದ.

“ಇಂವ ದೊರೆ ಅಲ್ಲಬೇ,” ಎಂದ ನನಗೆ. “ಕುರಿಯಾಂವ ಅದಾನ.”

ಮರದ ನೆರಳಲ್ಲಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತ ಅವನು ತನ್ನ ಶಾಲೆಯ ಕಥೆ ಹೇಳಿದ. ಅವನ ಮೇಷ್ಟ್ರು ಸದಾ ಪುರಾತನರನ್ನು ಹೊಗಳುತ್ತಿದ್ದರಂತೆ. ಪುಸ್ತಕದಲ್ಲಿದ್ದುದು ಮನೆಯಲ್ಲಿ ಯಾರೂ ಆಡದ ‘ಶುದ್ಧ’ ಗ್ರೀಕ್ ಭಾಷೆ. ಸರಕಾರಿ ಅರ್ಜಿಯೂ ಅದರಲ್ಲೇ ಇರಬೇಕು. ಅವನ ಅಪ್ಪನಿಗೆ ಅದು ತಿಳಿಯದು. ಇವನು ತಾಯಿಯ ಮಾತಿನಲ್ಲಿ ಉತ್ತರ ಹೇಳಿದನೆಂದು ಅಂಗೈಗೆ ಬೆತ್ತದ ಏಟು ಬಿದ್ದವಂತೆ. ಸೈನಿಕರು ಆಳಿದ ವರ್ಷಗಳಲ್ಲಂತೂ ರೇಡಿಯೋ ಇಡೀ ದಿನ ಆ ಭಾಷೆಯಲ್ಲಿ ಹಿರಿಯರ ವೈಭವ ಸಾರುತ್ತಿತ್ತು, ಅತ್ತ ಸರಕಾರ ಜನರನ್ನು ಹಿಡಿದು ಜೈಲಿಗೆ ಹಾಕುತ್ತಿತ್ತು ಎಂದ. ಈಗ ಆಡುಮಾತೇ ಸರಕಾರದ ಮಾತಾಗಿದೆಯಂತೆ. ನಾನು ಕೇಳುತ್ತ ಕೂತೆ. ನಮ್ಮ ಸರ್‌ನಂಥವರು ಅಲ್ಲಿಯೂ ಬೆತ್ತ ಹಿಡಿದು ಕೂತಿದ್ದರೆಂದು ತಿಳಿದು ಒಂದು ಬಗೆಯ ಕಹಿ ಸಂತೋಷವಾಯಿತು.

ಆಮೇಲೆ ಅವನು ಹಾಲು ಕೇಳಿದ. ತಮ್ಮೂರಿನಲ್ಲಿ ಕುರಿಹಾಲನ್ನು ಒಡೆಸಿ, ಉಪ್ಪು ಹಾಕಿ ಗಟ್ಟಿ ಮಾಡಿ ವರ್ಷವಿಡೀ ತಿನ್ನುತ್ತಾರೆ, ಮಾಡಿ ತೋರಿಸುತ್ತೇನೆ ಎಂದ. ಅವ್ವನಿಗೆ ಇದು ಸುತಾರಾಂ ಒಪ್ಪಿಗೆಯಾಗಲಿಲ್ಲ. ಬೇಕಂತಲೇ ಹಾಲು ಒಡೆಸಿದರೆ ಕುರಿಗೆ ಕೇಡು ಎಂದು ಅವಳ ನಂಬಿಕೆ. ಅಪ್ಪ ಅವಳ ಹತ್ತಿರ ಹೋಗಿ ಏನೋ ಹೇಳಿದ. ಅವಳು ಗಡಿಗೆ ತಂದಿಟ್ಟು, ಬೆನ್ನು ತಿರುಗಿಸಿ ಕೂತಳು. ಅವನು ನಿಂಬೆರಸ ಹಿಂಡಿ, ನನ್ನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಕಟ್ಟಿ ಕೊಂಬೆಗೆ ತೂಗಿಹಾಕಿದ. ಸಂಜೆ ಬಿಚ್ಚಿ ಉಪ್ಪು ಸವರಿ ಎಲ್ಲರಿಗೂ ಒಂದೊಂದು ಚೂರು ಕೊಟ್ಟ. ಹುಳಿ, ಉಪ್ಪು, ಕುರಿಯ ವಾಸನೆ. ಅಪ್ಪ ಮರ್ಯಾದೆಗೆ ನುಂಗಿದ. ಮಾಡಿದವನೇ ಬಾಯಿಗಿಟ್ಟುಕೊಂಡು, ಚೆನ್ನಾಗಿ ಬಂದಿಲ್ಲ ಎಂದು ಮುಖ ಹಿಂಡಿದ. ಆಗ ಅವ್ವ ತಿರುಗಿ ನೋಡಿ ನಕ್ಕಳು. ಹೊರಡುವಾಗ ಅವನಿಗೆ ಒಂದು ಕರಿಕಂಬಳಿ ಹೊದಿಸಿದಳು.

ಆ ವಾರ ರಾಯಚೂರಿನ ಪತ್ರಿಕೆಯಲ್ಲಿ ಸನ್ಮಾನದ ವರದಿ ಬಂತು. ಅತಿಥಿಗಳು ಗ್ರೀಸಿನ ಅಮರ ಚಿಂತನೆಯ ಕುರಿತು ಮಾತಾಡಿದರು ಎಂದಿತ್ತು. ಬರೆದವರು ಯಾರೆಂದು ಆ ಕನ್ನಡವೇ ಹೇಳುತ್ತಿತ್ತು. ನಾಲ್ಕು ತಿಂಗಳಿಗೆ ಯಂತ್ರದ ಕೆಲಸ ಮುಗಿದು ಗ್ರೀಸಿನವನು ಹೊರಟುಹೋದ. ಒಂದು ಪತ್ರ ಬಂತು. ಜರ್ಮನಿ ಬಿಟ್ಟು ಊರಿಗೆ ಮರಳುತ್ತೇನೆ, ಅಪ್ಪನ ಕುರಿ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದ. ನಾನು ಉತ್ತರ ಬರೆದೆ; ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ಎರಡು ವರ್ಷದ ಮೇಲೆ ಸರ್ ನಮ್ಮ ಮಾನ್ವಿ ಶಾಲೆಯ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಬಂದರು. ಭಾಷಣದ ನಡುವೆ, ತಮ್ಮ ಆಪ್ತ ಗೆಳೆಯನಾದ ಗ್ರೀಕನೊಬ್ಬನನ್ನು ತಾವೇ ದೇವದುರ್ಗದ ಕಡೆಯ ಹಳ್ಳಿಗೆ ಕರೆದೊಯ್ದು, ನಮ್ಮ ಕುರಿಗಾಹಿಗಳ ಸರಳ ಬದುಕು ತೋರಿಸಿದ್ದನ್ನು ವರ್ಣಿಸಿದರು. ನಾನು ಹತ್ತನೇ ತರಗತಿಯ ಹುಡುಗಿಯರ ಪಕ್ಕದಲ್ಲಿ ನಿಂತಿದ್ದೆ. ಎಲ್ಲವನ್ನೂ ಆ ಎಂಜಿನಿಯರ್‌ನಿಂದ ಕೇಳಿ ತಿಳಿದಿರಬೇಕು. ಮೈ ಉರಿಯಿತು. ಚಹಾದ ಹೊತ್ತಿಗೆ ಅವರೇ ನನ್ನ ಹತ್ತಿರ ಬಂದು, ಸಣ್ಣ ದನಿಯಲ್ಲಿ, ಅವನು ಅಂದು ಮಾಡಿದ ತಿನಿಸಿನ ರುಚಿ ಹೇಗಿತ್ತು ಎಂದು ಕೇಳಿದರು.

“ಉಪ್ಪ, ಹುಳಿ ಇತ್ರೀ ಸರ್. ಕುರಿ ವಾಸನಿ ಬರ್ತಿತ್ತು.”

ಅವರು ಸ್ವಲ್ಪ ಯೋಚಿಸಿದರು. “ಜೇನಿನಂತಿತ್ತು ಎಂದರೆ ಕೇಳುವವರಿಗೆ ಹಿತವಾಗುತ್ತದೆ,” ಎಂದು ಕಪ್ಪು ಕೆಳಗಿಟ್ಟು, ಜೇಬಿನಿಂದ ಸಣ್ಣ ಡೈರಿ ತೆಗೆದು ಬರೆದುಕೊಂಡರು.

ಅವರ ಕೋಟಿನ ತೋಳು ಸವೆದು ದಾರ ಬಿಟ್ಟಿತ್ತು. ಅದನ್ನು ಕಂಡು ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ, ಹುಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ಬೆಲ್ಲು ಹೊಡೆದಿತ್ತು. ನಾನು ಒಂಬತ್ತನೇ ತರಗತಿಗೆ ಹೋಗಿ ಭೂಪಟ ಬಿಡಿಸಿದೆ. ಗ್ರೀಸ್ ಎಲ್ಲಿದೆ ತೋರಿಸಿ, ಅಲ್ಲಿ ಈಗ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ದುಡಿಯಲು ಎಲ್ಲಿಗೆ ಹೋಗುತ್ತಾರೆ ಎಂದು ಹೇಳತೊಡಗಿದೆ. ಹಿರೇಕೊಟ್ನೆಕಲ್‌ನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೈ ಎತ್ತಿ, ಇದು ಪರೀಕ್ಷೆಗೆ ಬರ್ತದೇನ್ರೀ ಟೀಚರ್ ಎಂದಳು. ಬರೂದಿಲ್ಲ, ಆದರೂ ಬರಕೋ ಎಂದೆ.