ಇನ್ನೂ ಉರುಳುತ್ತಿರುವ ಆರನೆಯ ಗುಂಡು

ಅಂಗೈಯಗಲದ ಒಂದು ಮರದ ಡಬ್ಬಿ, ಅದಕ್ಕೊಂದು ಗಾಜಿನ ಮುಚ್ಚಳ, ಒಳಗೆ ಮೆಣಸಿನಕಾಳಿಗಿಂತ ತುಸು ದೊಡ್ಡದಾದ ಕೆಲವು ಉಕ್ಕಿನ ಗುಂಡುಗಳು, ಅವು ಹೋಗಿ ಕೂರಬೇಕಾದ ಅಷ್ಟೇ ಗುಳಿಗಳು, ನಡುವೆ ದಾರಿ ತಪ್ಪಿಸಲು ಅಡ್ಡಡ್ಡ ಪಟ್ಟಿಗಳು: ಹೇಳುವುದಕ್ಕೆ ಇಷ್ಟೇ. ಡಬ್ಬಿಯನ್ನು ಅತ್ತ ಇತ್ತ ವಾಲಿಸುತ್ತ ಗುಂಡುಗಳನ್ನೆಲ್ಲ ಗುಳಿಗಿಳಿಸಿದರೆ ಆಟ ಮುಗಿಯಿತು. ಬೆಟ್ಟದ ಬಂಡೆಯನ್ನು ಕೆಳಗುರುಳಿಸುವ, ಚಂದ್ರನನ್ನು ಆಕಾಶದಲ್ಲಿ ಹಿಡಿದು ಸುತ್ತಿಸುವ ಭೂಮಿಯ ಸೆಳೆತ ಈ ಡಬ್ಬಿಯೊಳಗೂ ಬಂದು, ಕಾಳಿನಷ್ಟು ಗುಂಡಿನ ಕಿವಿ ಹಿಡಿದು ನಡೆಸುತ್ತದಲ್ಲ ಎಂಬ ಬೆರಗು ಎಷ್ಟು ಜನರಿಗೆ ಉಂಟಾಗುತ್ತದೆಯೋ ತಿಳಿಯದು. ಆ ಬೆರಗನ್ನೇ ಬದುಕಿನ ಕಸುಬಾಗಿಸಿಕೊಂಡು, ಕೀಲಿಯಿಲ್ಲದ, ಬ್ಯಾಟರಿಯಿಲ್ಲದ, ಬರಿಯ ಕೈಯನ್ನೂ ತಾಳ್ಮೆಯನ್ನೂ ಬೇಡುವ ಆಟಗಳನ್ನು ಮನೆಮನೆಗೆ ಮುಟ್ಟಿಸಿದ ಹಿರಿಯ ವಿನ್ಯಾಸಕಿ, ನಮ್ಮ ಆಟಿಕೆ ಕಾರ್ಖಾನೆಯ ಗುಂಡಕ್ಕನವರು ಈ ವರ್ಷ ಸೇವೆಯಿಂದ ನಿವೃತ್ತರಾಗಿದ್ದಾರೆ. ಈ ಸಂಪುಟವು ಅವರಿಗೆ ನಾವು ಸಲ್ಲಿಸುವ ಅಲ್ಪ ಗೌರವ.

ಹೆಸರು ಕೇಳಿ ಬಂದವರು ಆಳನ್ನು ನೋಡಿ ತಬ್ಬಿಬ್ಬಾಗುವುದುಂಟು. ಗಾಳಿ ಬೀಸಿದರೆ ಹಾರಿಹೋಗುವಂಥ ಕಡ್ಡಿ ಶರೀರ ಅವರದು. ಒಮ್ಮೆ ದೂರದೂರಿನ ವರ್ತಕರೊಬ್ಬರು ಅವರ ಎದುರಿಗೇ ನಿಂತು, “ಗುಂಡಕ್ಕ ಅಂತಾರಲ್ಲ, ಅವರೆಲ್ಲಿ?” ಎಂದು ಕೇಳಿದರಂತೆ. ಇವರು ಕೈಯಲ್ಲಿದ್ದ ಕೆಲಸದಿಂದ ತಲೆಯೆತ್ತದೆ, “ಗುಂಡು ಡಬ್ಬೀಲಿದೆ. ನಾನು ಬರೀ ಅಕ್ಕ, ಹೇಳಿ,” ಎಂದರಂತೆ.

ಅವರ ಬಾಲ್ಯದ ಮನೆಯಲ್ಲಿ ಆಟಿಕೆಗಳೇನೂ ಹೆಚ್ಚಿರಲಿಲ್ಲ, ಪದ್ಯಗಳಿದ್ದವು. ತಾಯಿಯವರು ಸಂಜೆ ಕೆಲಸವೆಲ್ಲ ಮುಗಿಸಿ, ಗೋಡೆಗೊರಗಿ, ಕಣ್ಣು ಮುಚ್ಚಿ, ಕಂಠಪಾಠವಾಗಿದ್ದ ಆರು ಸಾಲಿನ ಪದ್ಯಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಮಗಳಿಗೆ ಅರ್ಥವಾಗುತ್ತಿದ್ದದ್ದು ಅಷ್ಟರಲ್ಲೇ ಇತ್ತು. ಆದರೆ ಎರಡು ಸಾಲು ಓಡಿ, ಮೂರನೆಯದು ಉದ್ದಕ್ಕೆ ಎಳೆದು ನಿಲ್ಲುವುದೂ, ಮತ್ತೆ ಎರಡು ಓಡಿ, ಆರನೆಯದು ಇನ್ನೇನು ಮನೆ ಸೇರಿತು ಎಂಬಂತೆ ನಿಧಾನವಾಗುವುದೂ ಆ ಪುಟ್ಟ ಕಿವಿಗೆ ಚೆನ್ನಾಗಿ ತಿಳಿದಿತ್ತು. ಆರನೆಯ ಸಾಲಿಗೆ ಮುಂಚೆ ತಾಯಿ ಒಂದು ಉಸಿರು ತಡೆಯುತ್ತಿದ್ದರು. ಮಗಳೂ ಉಸಿರು ಹಿಡಿದು ಕಾಯುತ್ತಿದ್ದಳು. ದನಿ ಬಂದೇ ಬರುತ್ತದೆ ಎಂದು ಗೊತ್ತಿದ್ದೂ ಕಾಯುವ ಆ ಗಳಿಗೆಯ ಸುಖಕ್ಕೆ ಸಮನಾದದ್ದನ್ನು ತಾವು ಆಮೇಲೆ ಕಂಡದ್ದು ಗುಂಡು ಗುಳಿಯ ಅಂಚಿಗೆ ಬಂದು ತೂಗಾಡುವಾಗ ಮಾತ್ರ ಎಂದು ಗುಂಡಕ್ಕನವರು ಹಲವು ಸಲ ಹೇಳಿದ್ದಾರೆ.

ಕಾರ್ಖಾನೆಗೆ ಅವರು ಬಂದದ್ದು ಮುಚ್ಚಳಗಳ ಮೇಲೆ ಹೂವು ಹಕ್ಕಿಗಳನ್ನು ಬರೆಯುವ ಚಿತ್ರಗಾರ್ತಿಯಾಗಿ. ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಕಿಟಕಿಯ ಪಕ್ಕ ಮೇಜು, ಅದರ ಮೇಲೆ ಅಂಟಿನ ಡಬ್ಬಿ, ಬೆಂಕಿಕಡ್ಡಿಯ ಪೊಟ್ಟಣಗಳು, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಗುಂಡುಗಳು. ಕೆಳಗಡೆ ಗರಗಸದ ಸದ್ದು, ಮರದ ಹೊಟ್ಟಿನ ವಾಸನೆ. ಬಿಡುವಿನಲ್ಲಿ ಅವರು ರಟ್ಟಿನ ಮೇಲೆ ಬೆಂಕಿಕಡ್ಡಿ ಅಂಟಿಸಿ ದಾರಿ ಮಾಡಿ, ಪೆನ್ಸಿಲ್ಲಿನ ಹಿಂಬದಿಯಿಂದ ಒತ್ತಿ ಗುಳಿ ಮಾಡಿ, ಗುಂಡು ಬಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಗುಂಡು ಪಟ್ಟಿಗೆ ತಾಗಿದ್ದೆಲ್ಲಿ, ಸುಮ್ಮನೆ ಜಾರಿದ್ದೆಲ್ಲಿ, ಬೇಸರದಿಂದ ಉರುಳಿದ್ದೆಲ್ಲಿ ಎಂದು ಸದ್ದಿನಿಂದಲೇ ತಿಳಿದು, ಒಂದು ಕಡ್ಡಿಯನ್ನು ಕಿತ್ತು ಕೂದಲೆಳೆಯಷ್ಟು ಸರಿಸುತ್ತಿದ್ದರು. ಇದನ್ನು ಬಾಗಿಲಲ್ಲಿ ನಿಂತು ನೋಡಿದ ಯಜಮಾನರು ಮರುದಿನವೇ ಅವರ ಕೈಯಿಂದ ಕುಂಚ ಬಿಡಿಸಿ, ಆಟದ ವಿನ್ಯಾಸವನ್ನು ವಹಿಸಿದರು.

ನಮ್ಮ ಕಾರ್ಖಾನೆಯಲ್ಲಿ ಯಜಮಾನರ ತಂದೆಯ ಕಾಲದಿಂದ ಬಂದ ಒಂದು ನಿಯಮವಿದೆ. ಆಟವನ್ನು ಕಟ್ಟಿದವರು ಅದನ್ನು ಎಲ್ಲರೆದುರು ತಮ್ಮ ಕೈಯಿಂದಲೇ ಬಿಡಿಸಿ ತೋರಿಸಬೇಕು. ಡಬ್ಬಿಯನ್ನು ಬೆರಳಿನಿಂದ ತಟ್ಟುವಂತಿಲ್ಲ, ಕುಲುಕುವಂತಿಲ್ಲ. ಬಿಡಿಸಿದ ಮೇಲೆಯೇ ಅದಕ್ಕೆ ನಾಮಕರಣ. ಹೆಸರಿಲ್ಲದ ಆಟ ಬಾಗಿಲು ದಾಟುವುದಿಲ್ಲ. ಮಾಡಿದವರಿಗೇ ಬಗೆಹರಿಯದ ಒಗಟನ್ನು ಮಾರುವುದು ಮೋಸ ಎಂಬುದು ಆ ಹಿರಿಯರ ಮಾತು. ಗುಂಡಕ್ಕನವರು ಈ ನಿಯಮವನ್ನು ಪೂಜೆಯಂತೆ ಪಾಲಿಸಿದರು. ಡಬ್ಬಿ ಹಿಡಿದು ನಿಂತರೆಂದರೆ ಕೆಳಗಿನ ಗರಗಸವೂ ನಿಲ್ಲುತ್ತಿತ್ತು. ಮಣಿಕಟ್ಟು ಅಲುಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಗುಂಡುಗಳು ಮಾತು ಕೇಳುವ ಮಕ್ಕಳಂತೆ ಒಂದರ ಹಿಂದೊಂದು ಹೋಗಿ ಕೂರುತ್ತಿದ್ದವು. ನೋಡಿದವರು ಚಪ್ಪಾಳೆ ತಟ್ಟಲು ಮರೆಯುತ್ತಿದ್ದರು.

ಹೊಸದಾಗಿ ಸೇರಿದ ವಿನ್ಯಾಸಕರು ಬಹಳ ಜಟಿಲವಾದ ಆಟ ಕಟ್ಟಿ ತಂದು ಬೀಗಿದಾಗ ಅವರು ಹೇಳುತ್ತಿದ್ದ ಮಾತನ್ನು ಇಲ್ಲಿ ದಾಖಲಿಸಲೇಬೇಕು. “ಕಷ್ಟ ಮಾಡೋದು ಸುಲಭ ಕಣಪ್ಪ. ಸೋತವನು ಡಬ್ಬಿ ಎಸೀಬಾರದು, ಇನ್ನೊಂದ್ಸಲ ಅನ್ನಬೇಕು. ಅದನ್ನ ಮಾಡ್ಕೊಂಡು ಬಾ.” ಆಸ್ಪತ್ರೆಯ ದಾದಿಯೊಬ್ಬರು, ಮಲಗಿದಲ್ಲೇ ಇರುವ ರೋಗಿಗಳಿಗೆ ಆಟ ಬೇಕು, ಆದರೆ ಪಕ್ಕದವರ ನಿದ್ದೆ ಕೆಡಬಾರದು ಎಂದು ಕೇಳಿಕೊಂಡು ಬಂದಾಗ, ಸದ್ದನ್ನೇ ನಂಬಿ ಬದುಕಿದ ಈ ಜೀವ ಉಕ್ಕಿನ ಬದಲು ಮರದ ಗುಂಡು ಹಾಕಿ, ದಾರಿಗೆಲ್ಲ ಮೆತ್ತನೆಯ ಬಟ್ಟೆ ಅಂಟಿಸಿ, ಕಿವಿಯ ಕೆಲಸವನ್ನು ಬೆರಳ ತುದಿಗೆ ಕಲಿಸಿಕೊಂಡು ಸದ್ದಿಲ್ಲದ ಆಟವೊಂದನ್ನು ಕಟ್ಟಿಕೊಟ್ಟಿತು.

ಅವರ ಸೇವೆಯ ನಡುಗಾಲದ ಒಂದು ಪ್ರಸಂಗವನ್ನು ಹಳಬರು ಇಂದಿಗೂ ಮೈಯುಬ್ಬಿ ಹೇಳುತ್ತಾರೆ. ಗುಳಿ ಕೊರೆಯುವ ಡ್ರಿಲ್ ಮೆಷಿನ್ನು ನೋಡಿಕೊಳ್ಳುವವರಿಗೆ ನಮ್ಮಲ್ಲಿ ಬೈರಿಗೆ ಎಂದೇ ಹೆಸರು. ಮರವನ್ನು ಮೆಷಿನ್ನಿನಿಂದಲೂ, ಮನುಷ್ಯರನ್ನು ಮಾತಿನಿಂದಲೂ ಕೊರೆಯುವವರು ಎಂದು ತಮಾಷೆ. ಒಂದು ದಿನ ಮೆಷಿನ್ನಿನ ಮೇಜಿನ ತಿರುಪು ಸಡಿಲಾಗಿ, ಮೇಜು ಒಂದು ಕಡೆಗೆ ವಾಲಿದ್ದು ಅವರ ಗಮನಕ್ಕೆ ಬರಲಿಲ್ಲ. ಹಲಗೆಗಳ ಒಂದಿಡೀ ರಾಶಿಯಲ್ಲಿ ಗುಳಿಗಳೆಲ್ಲ ಓರೆಯಾದವು. ಗುಂಡು ಗುಳಿಗೆ ಇಳಿದು, ನಿಲ್ಲದೆ, ಆ ಕಡೆಯಿಂದ ಹತ್ತಿ ಹೊರಟುಹೋಗುತ್ತಿತ್ತು.

“ಕಣ್ಣು ಹಣೆ ಮೇಲಿತ್ತೇನಯ್ಯಾ? ಇಷ್ಟೂ ಒಲೆಗೆ ಹಾಕಬೇಕೀಗ. ನಾಳೆಯಿಂದ ಬರಬೇಡ ನೀನು,” ಎಂದು ಯಜಮಾನರು ಗುಡುಗಿದರು. ಇಬ್ಬರು ಮಕ್ಕಳ ತಂದೆಯಾಗಿದ್ದ ಬೈರಿಗೆಯವರು ಬಾಯಿ ಬಿಡಲಿಲ್ಲ. ಅವರ ಮೌನವೇ ಗುಂಡಕ್ಕನವರನ್ನು ಮಹಡಿಯಿಂದ ಕೆಳಗಿಳಿಸಿತು ಎಂದರೂ ತಪ್ಪಿಲ್ಲ.

ಅವರು ಒಂದು ಹಲಗೆಯನ್ನು ಎತ್ತಿಕೊಂಡು ಹೋಗಿ ಕಿಟಕಿಯ ಬಳಿ ಕುಳಿತರು. ಬಲಗಡೆಯಿಂದ ಬಿಟ್ಟ ಗುಂಡು ಟರ್‍ರ್ ಎಂದು ಉಜ್ಜಿಕೊಂಡು ದಾಟಿಹೋಯಿತು. ಎಡದಿಂದ ಬಿಟ್ಟರು: ಟಕ್ ಎಂದು ಕೂತಿತು. ಇನ್ನೊಂದು ಗುಳಿ, ಮತ್ತೊಂದು ಹಲಗೆ. ಎಲ್ಲೆಲ್ಲಿಯೂ ಅದೇ ಟರ್‍ರ್, ಅದೇ ಟಕ್. ಸಡಿಲವಾದ ಒಂದು ತಿರುಪು ಇಷ್ಟು ನಿಷ್ಠೆಯಿಂದ ನಡೆದುಕೊಂಡಿದೆಯಲ್ಲ!

“ಯಜಮಾನ್ರೇ, ಇದನ್ನ ಹಾಳು ಅಂದಿದ್ದು ಯಾರು?”

“ನೀವೂ ಸುಮ್ನಿರಿ ಅಕ್ಕಾ. ಓರೆ ಕೊರೆದಿದಾನೆ, ಕಾಣಲ್ವಾ?”

“ಓರೆ ಕೊರೆದಿರೋದು ನಿಜ. ಆದ್ರೆ ಎಲ್ಲಾ ಒಂದೇ ಕಡೆ ಓರೆ. ಮನಸ್ಸಿಗೆ ಬಂದ ಹಾಗೆ ತಪ್ಪಿದ್ರೆ ತಪ್ಪು. ಒಂದೇ ಥರ ತಪ್ಪಿದ್ರೆ ಅದು ನಿಯಮ ಆಗತ್ತೆ. ನನಗೆ ಈ ವಾರ ಬಿಡಿ.”

ಆ ವಾರ ಅವರು ಪಟ್ಟಿಗಳನ್ನೆಲ್ಲ ಕಿತ್ತು ಹೊಸದಾಗಿ ಜೋಡಿಸಿದರು. ಗುಂಡು ಮೊದಲು ಗುಳಿಯನ್ನು ದಾಟಿ ಮುಂದೆ ಹೋಗಬೇಕು. ಕೂರುವ ಆಸೆಯನ್ನು ಬಿಟ್ಟು ಪಟ್ಟಿಯನ್ನು ಸುತ್ತಬೇಕು. ಆಮೇಲೆ ಹಿಂದಿರುಗಿ ಬಂದರೆ ಅದೇ ಗುಳಿ ಮಡಿಲು ಕೊಡುತ್ತದೆ. ಎಲ್ಲರೆದುರು ಬಿಡಿಸಿ ತೋರಿಸುವ ದಿನ ಒಬ್ಬರ ಕೆಲಸ ತಮ್ಮ ಹತ್ತು ಬೆರಳುಗಳಲ್ಲಿ ನೇತಾಡುತ್ತಿದೆ ಎಂಬುದು ಅವರಿಗೆ ತಿಳಿದಿತ್ತು. ಕೈ ಅಲುಗಲಿಲ್ಲ. ಕೊನೆಯ ಟಕ್ ಕೇಳಿದಾಗ ಯಜಮಾನರು ಗಾಜಿನ ಮೇಲೆ ಬಾಗಿ ಬಹಳ ಹೊತ್ತು ನೋಡಿ, “ಏನಂತ ಹೆಸರಿಡೋಣ?” ಎಂದರು.

“‘ಮರಳಿ ಬಾ’ ಅಂತ,” ಎಂದ ಗುಂಡಕ್ಕನವರು ಬೈರಿಗೆಯವರ ಕಡೆ ತಿರುಗಿ, “ನೀನೂ ಅಷ್ಟೇ. ನಾಳೆ ಹೊತ್ತಿಗೆ ಸರಿಯಾಗಿ ಬಾ. ಬರುವಾಗ ತಿರುಪು ಬಿಗಿ ಮಾಡೋದನ್ನ ನೆನಪಲ್ಲಿಟ್ಕೊಂಡು ಬಾ,” ಎಂದರು. ನಮ್ಮ ಕಾರ್ಖಾನೆಗೆ ಅನ್ನ ಕೊಟ್ಟ ಆಟಗಳಲ್ಲಿ ‘ಮರಳಿ ಬಾ’ ಮೊದಲನೆಯದು ಎಂಬುದನ್ನು ಬಲ್ಲವರು ಬಲ್ಲರು.

ಕಾಲ ಯಾರ ಮಣಿಕಟ್ಟನ್ನೂ ಬಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ಅವರ ಕೈಯಲ್ಲಿನ ಚಹಾದ ಬಸಿ ಸಣ್ಣಗೆ ಕಿಣಿಕಿಣಿ ಎನ್ನತೊಡಗಿತು. ಅದನ್ನು ಮೊದಲು ಕೇಳಿಸಿಕೊಂಡವರು ಅವರೇ. ವಯಸ್ಸಿನ ನಡುಕ, ಹೆಚ್ಚದಿರುವಂತೆ ನೋಡಿಕೊಳ್ಳಬಹುದು, ಹೋಗಲಾಡಿಸಲಾಗದು ಎಂದು ವೈದ್ಯರು ಹೇಳಿದರು. ಆ ನಡುಗುವ ಕೈಯಿಂದಲೇ ಅವರು ತಮ್ಮ ಸೇವೆಯ ಕೊನೆಯ ಆಟವನ್ನು ಕಟ್ಟಲು ಕುಳಿತರು.

ಆರು ಗುಂಡು, ಆರು ದಾರಿ. ಮೊದಲೆರಡು ದಾರಿ ಚಿಕ್ಕವು, ಮೂರನೆಯದು ಉದ್ದ. ಮತ್ತೆರಡು ಚಿಕ್ಕವು, ಆರನೆಯದು ಎಲ್ಲಕ್ಕಿಂತ ನಿಧಾನವಾಗಿ ಬಳಸಿ ಬಂದು ನಡುವಿನ ಗುಳಿಯನ್ನು ಸೇರುವಂಥದು. ಪದ್ಯ ಕೇಳಿ ಬೆಳೆದವರು ಇದರ ಮೂಲವನ್ನು ಕೇಳಬೇಕಾಗಿಲ್ಲ. ಬೈರಿಗೆಯವರು ತಮ್ಮ ಜನ್ಮದಲ್ಲೇ ಕೊರೆಯದಷ್ಟು ನೇರವಾಗಿ ಗುಳಿ ಕೊರೆದುಕೊಟ್ಟರು. ಗಾಜು ಕತ್ತರಿಸುವವರು, ಬಣ್ಣ ಹಚ್ಚುವವರು, ಲೆಕ್ಕ ಬರೆಯುವವರು ಒಬ್ಬೊಬ್ಬರಾಗಿ ಬಂದು ಬಿಡಿಸಿ ನೋಡಿದರು. ಆರು ಟಕ್ಕುಗಳು ಒಂದು ಲಯದಲ್ಲಿ ಮುಗಿದ ಮೇಲೆ ಉಳಿಯುವ ಮೌನವನ್ನು ಕೆಡಿಸುವುದು ತಪ್ಪೆಂಬಂತೆ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಡುತ್ತಿದ್ದರು.

ಬಿಡಿಸಲಾಗದೆ ಹೋದದ್ದು ಕಟ್ಟಿದವರಿಗೆ ಮಾತ್ರ. ಐದು ಕೂರುತ್ತಿದ್ದವು. ಆರನೆಯದು ದಾರಿಯ ನಡುವಿರುವಾಗ ಕೈಯ ನಡುಕ ಏರಿ, ಕೂತಿದ್ದವೂ ಎದ್ದು ಚೆಲ್ಲಾಪಿಲ್ಲಿಯಾಗುತ್ತಿದ್ದವು.

“ನಿಯಮ ಮಾಡಿದ್ದು ನಮ್ಮಪ್ಪ,” ಎಂದರು ಯಜಮಾನರು. “ಸಡಿಲ ಮಾಡೋ ಅಧಿಕಾರ ನನಗಿದೆ. ಎಲ್ಲರೂ ಬಿಡಿಸಿದಾರಲ್ಲ ಅಕ್ಕಾ, ಹೆಸರಿಟ್ಟು ಕಳಿಸೋಣ.”

“ಎಲ್ಲರೂ ಬಿಡಿಸಿದ್ರೆ ಎಲ್ಲರ ಆಟ ಆಯ್ತು. ನನ್ನದು ಯಾವಾಗ ಆಗೋದು ಯಜಮಾನ್ರೇ? ಕಳಿಸಬೇಡಿ. ಹಾಗೇ ಇರಲಿ.”

ಮಾರನೆಯ ದಿನ ಬೈರಿಗೆಯವರು ಚಹಾದ ಹೊತ್ತಿಗೆ ಮೇಲೆ ಬಂದು, ಅತ್ತಿತ್ತ ನೋಡಿ, ಅಂಗಿಯ ಜೇಬಿನಿಂದ ಅದೇ ಆಟದ ಇನ್ನೊಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. “ಅಕ್ಕಾ, ಗುಳಿ ಒಂದು ಕೂದಲೆಳೆಯಷ್ಟು ಆಳ ಮಾಡಿದೀನಿ. ಕೂತಿದ್ದು ಏಳಲ್ಲ. ಯಾರು ನೋಡಿದ್ರೂ ಗೊತ್ತಾಗಲ್ಲ.”

ಗುಂಡಕ್ಕನವರು ಡಬ್ಬಿಯನ್ನು ಕಿವಿಯ ಬಳಿ ಹಿಡಿದು ಒಂದು ಗುಂಡನ್ನು ಇಳಿಸಿದರು. ಟಕ್ ಎನ್ನಬೇಕಾದದ್ದು ದಬ್ ಎಂದಿತು.

“ನೋಡಿದ್ರೆ ಗೊತ್ತಾಗಲ್ಲ ಕಣೋ, ಕೇಳಿದ್ರೆ ಗೊತ್ತಾಗತ್ತೆ,” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. “ಅವತ್ತು ನೀನು ತಪ್ಪಾಗಿ ಕೊರೆದಿದ್ದೆ, ಅದನ್ನ ಸರಿ ಮಾಡ್ಕೊಂಡ್ವಿ. ಇವತ್ತು ಇಷ್ಟು ಚೆನ್ನಾಗಿ ಕೊರೆದಿದ್ದನ್ನ ನನ್ನ ಕೈಗೋಸ್ಕರ ತಪ್ಪು ಮಾಡ್ತೀಯಾ?”

ಇಡೀ ಸೇವಾವಧಿಯಲ್ಲಿ ಬೈರಿಗೆಯವರ ಬಾಯಿ ಕಟ್ಟಿದ್ದು ಇದು ಎರಡನೆಯ ಸಲ. ಆಳದ ಗುಳಿಯ ಡಬ್ಬಿಯನ್ನು ಅವರು ಮತ್ತೆ ಜೇಬಿಗೆ ಹಾಕಿಕೊಂಡು ಇಳಿದುಹೋದರು. ಹಾಗೆ ಹೋದವರು ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಂಡರೆಂದು ಕಂಡವರು ಹೇಳುತ್ತಾರೆ. ಮರದ ಪುಡಿ ಬಿದ್ದಿತ್ತೆಂದು ಅವರು ಹೇಳುತ್ತಾರೆ.

ಬೀಳ್ಕೊಡುಗೆಯ ದಿನ, ಮಾತುಗಳೆಲ್ಲ ಮುಗಿದ ಮೇಲೆ, ಗುಂಡಕ್ಕನವರು ಯಾರೂ ಕೇಳದಿದ್ದರೂ ಡಬ್ಬಿಯನ್ನು ಕೈಗೆತ್ತಿಕೊಂಡರು. ಕೆಳಗಿನ ಗರಗಸ ತಾನಾಗಿಯೇ ನಿಂತಿತು. ಇಷ್ಟು ದಿನ ಅವರು ನಡುಕವನ್ನು ಅದುಮಲು ಹೋಗಿ ಸೋಲುತ್ತಿದ್ದರು. ಅಂದು ಅದನ್ನು ಕೇಳತೊಡಗಿದರು. ನಡುಕಕ್ಕೂ ಒಂದು ನಡೆಯಿತ್ತು: ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿತ್ತು. ಆ ನಿಲುಗಡೆಯಲ್ಲಿ ಮಾತ್ರ ಅವರು ಡಬ್ಬಿಯನ್ನು ವಾಲಿಸಿದರು. ಏರಿದಾಗ ಕೈಗಳನ್ನು ಹೊಟ್ಟೆಗಾನಿಸಿ ಕಾದರು. ಟಕ್. ಕಾದರು. ಟಕ್. ಮೂರನೆಯದು ಉದ್ದಕ್ಕೆ ಬಂದು ಕೂತಿತು. ನಾಲ್ಕು, ಐದು. ಕೂತವು ಯಾವುವೂ ಏಳಲಿಲ್ಲ. ಆರನೆಯದು ತನ್ನ ದೀರ್ಘವಾದ ದಾರಿಯನ್ನು ತುಂಡುತುಂಡಾಗಿ ಸವೆಸಿ, ನಡುವಿನ ಗುಳಿಯ ಬಾಯಿಗೆ ಬಂದು, ಅಂಚಿನ ಮೇಲೆ ಒಂದು ಸುತ್ತು ಸುತ್ತಿತು. ಇಡೀ ಕೋಣೆಯಲ್ಲಿ ಒಬ್ಬರೂ ಉಸಿರಾಡಲಿಲ್ಲ. ಗುಂಡು ಇನ್ನರ್ಧ ಸುತ್ತು ಸುತ್ತಿ, ಯೋಚಿಸಿದಂತೆ ನಿಂತು, ಹೊರಗೆ ಉರುಳಿಹೋಯಿತು.

ಗುಂಡಕ್ಕನವರು ನಕ್ಕರು. ಮನಸಾರೆ, ಹಲ್ಲೆಲ್ಲ ಕಾಣುವಂತೆ ನಕ್ಕರು. “ಇವತ್ತು ಬಾಗಿಲ ತನಕ ಬಂತು ನೋಡಿ,” ಎಂದು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡರು. “ಒಳಗೆ ಬಂದ ದಿನ ಹೇಳಿ ಕಳಿಸ್ತೀನಿ.”

ಆದ್ದರಿಂದ ಅವರಿಗೆ ದೀರ್ಘಾಯುಷ್ಯವನ್ನು ಕೋರುವಾಗ ನಮ್ಮ ಸ್ವಾರ್ಥವೂ ಅದರಲ್ಲಿ ಸೇರಿದೆ ಎಂದು ಒಪ್ಪಿಕೊಳ್ಳುತ್ತೇವೆ. ಆರು ಗುಂಡಿನ ಆ ಆಟಕ್ಕೆ ಹಲಗೆ ಸಿದ್ಧವಾಗಿದೆ, ಗಾಜು ಸಿದ್ಧವಾಗಿದೆ. ಮುಚ್ಚಳದ ಮೇಲೆ ಹೆಸರಿನ ಜಾಗ ಮಾತ್ರ ಖಾಲಿಯಿದೆ. ಬೈರಿಗೆಯವರು ದಿನವೂ ಬೆಳಿಗ್ಗೆ ಬೇರೆ ಕೆಲಸ ಮುಟ್ಟುವ ಮುಂಚೆ ಮೆಷಿನ್ನಿನ ಮೇಜಿನ ತಿರುಪನ್ನು ಬಿಗಿ ಮಾಡಿ ನೋಡುತ್ತಾರೆ. ದೇವರು ಅಕ್ಕನವರ ಕೈಗೆ ಬಿಡುವನ್ನೂ, ಕಿವಿಗೆ ಇದೇ ಚುರುಕನ್ನೂ, ಬಾಳಿಗೆ ಬಹಳ ಬೆಳಗುಗಳನ್ನೂ ಕೊಡಲಿ. ನಮಗೇನೂ ಅವಸರವಿಲ್ಲ. ಆರನೆಯ ಸಾಲಿಗೆ ಮುಂಚೆ ತಾಯಿ ಉಸಿರು ತಡೆದಾಗ ಆ ಪುಟ್ಟ ಹುಡುಗಿ ಕಾಯುತ್ತಿದ್ದಳಲ್ಲ, ನಾವೂ ಹಾಗೆಯೇ ಕಾಯುತ್ತಿದ್ದೇವೆ.